ಫಿಲ್ಲರ್ ಹಾಕಿಸಿದ ಮೇಲೆ ತುಟಿಯಲ್ಲಿ ಗಂಟು: ಯಾವ ದಿನ ಏನು ಮಾಡಬೇಕು?

ಬೆಂಗಳೂರಿನಲ್ಲಿ ತುಟಿಗೆ ಫಿಲ್ಲರ್ (ತುಟಿ ದಪ್ಪ ಮಾಡಲು ಚುಚ್ಚುವ ಜೆಲ್) ಹಾಕಿಸಿಕೊಂಡು ಹಾಸನಕ್ಕೆ ಬಂದ ಮರುದಿನ ಬೆಳಿಗ್ಗೆ ಅಮ್ಮ ಕಾಫಿ ಲೋಟ ಕೊಡುತ್ತಾ ನನ್ನ ಮುಖ ನೋಡಿದರು. "ಏನಾಯ್ತೇ ತುಟಿಗೆ? ಹುಳ ಗಿಳ ಕಚ್ತಾ?"

"ಹ್ಞೂಂ ಕಣಮ್ಮ, ಜೇನು" ಅಂದೆ. ಆ ಒಂದು ಸುಳ್ಳು ಮುಂದೆ ಐದು ವಾರ ನನ್ನನ್ನು ಹೇಗೆ ಆಡಿಸಿತು ಅಂತ ಆಮೇಲೆ ಹೇಳುತ್ತೇನೆ.

ಊತ ಇಳಿದ ಮೇಲೆ ಕೆಳತುಟಿಯ ಎಡಗಡೆ ಹೆಸರುಕಾಳಿನಷ್ಟು ಒಂದು ಗಂಟು ಉಳಿಯಿತು. ನಕ್ಕರೆ ಬೆಳ್ಳಗೆ ಎದ್ದು ಕಾಣುತ್ತಿತ್ತು. ನಾಲಿಗೆ ದಿನಕ್ಕೆ ನೂರು ಸಲ ಅಲ್ಲಿಗೇ ಹೋಗುತ್ತಿತ್ತು. ರಾತ್ರಿ ಎರಡು ಗಂಟೆಗೆ ಮೊಬೈಲ್ ಟಾರ್ಚ್ ಹಿಡಿದು ಕನ್ನಡಿ ನೋಡಿದ್ದೇನೆ. ಮನೆಯಲ್ಲಿ ಯಾರಿಗೂ ಹೇಳುವ ಹಾಗಿಲ್ಲ, ಮಾಡಿದ ಡಾಕ್ಟರ್ 180 ಕಿಲೋಮೀಟರ್ ದೂರ. ನಮ್ಮ ಕಡೆಯವರ ಕಷ್ಟವೇ ಇದು. ಹಾಸನ ಇರಲಿ, ಚಿಕ್ಕಮಗಳೂರಿರಲಿ, ಮದುವೆ ಸೀಸನ್ ಮುಂಚೆ ಬೆಂಗಳೂರಿಗೋ ಮಂಗಳೂರಿಗೋ ಹೋಗಿ ಮಾಡಿಸಿಕೊಂಡು ಬರುವವರು ಈಗ ಜಾಸ್ತಿ. ಮಾಡಿಸಿಕೊಳ್ಳುವುದು ಅಲ್ಲಿ, ಗಂಟು ಏಳುವುದು ಇಲ್ಲಿ.

ನಾನು ಡಾಕ್ಟರ್ ಅಲ್ಲ. ಆದರೆ ಆ ಐದು ವಾರದಲ್ಲಿ ಕೇಳಿ, ಓದಿ, ತಪ್ಪು ಮಾಡಿ ಕಲಿತದ್ದನ್ನು ಒಂದು ಕಡೆ ಬರೆದಿಡುತ್ತಿದ್ದೇನೆ. ಹಯಲುರಾನಿಕ್ ಆಸಿಡ್ (ನೀರು ಹೀರುವ ಲೋಳೆಯಂಥ ವಸ್ತು) ಫಿಲ್ಲರ್ ಹಾಕಿಸಿಕೊಂಡವರಿಗೆ ಇದು. ತುಟಿಗೆ ಹಾಕುವುದು ಹೆಚ್ಚಾಗಿ ಅದನ್ನೇ. ಒಂದು ಮಾತು ಮೊದಲೇ ತಲೆಯಲ್ಲಿರಲಿ: ಗಂಟು ಎಷ್ಟು ದೊಡ್ಡದು ಅನ್ನುವುದಕ್ಕಿಂತ ಅದು ಎಷ್ಟನೇ ದಿನ ಕಾಣಿಸಿತು ಅನ್ನುವುದು ಮುಖ್ಯ. ಅದಕ್ಕೇ ದಿನದ ಲೆಕ್ಕದಲ್ಲೇ ಹೇಳುತ್ತೇನೆ.

ಎಲ್ಲಕ್ಕಿಂತ ಮೊದಲು: ಇದು ಓಡಬೇಕಾದ ಕೇಸಾ?

ಐಸ್ ಇಡುವ ಮುಂಚೆ, ಗೆಳತಿಗೆ ಫೋಟೋ ಕಳಿಸುವ ಮುಂಚೆ ಇದನ್ನು ನೋಡಿಬಿಡಿ. ಎರಡು ನಿಮಿಷ ಸಾಕು.

ತುಟಿಯೊಳಗೆ ಮೇಲೊಂದು ಕೆಳಗೊಂದು ರಕ್ತನಾಳ ಹಾದುಹೋಗುತ್ತದೆ. ಫಿಲ್ಲರ್ ಅಪ್ಪಿತಪ್ಪಿ ಅದರೊಳಗೆ ಹೋದರೆ, ಅಥವಾ ಹೊರಗಿನಿಂದ ಒತ್ತಿದರೆ, ಆ ಜಾಗಕ್ಕೆ ರಕ್ತ ಹೋಗುವುದು ನಿಲ್ಲುತ್ತದೆ. ಅಪರೂಪ, ಆದರೆ ಆದಾಗ ಗಂಟೆಗಳ ಲೆಕ್ಕದಲ್ಲಿ ಕೆಲಸ ಆಗಬೇಕು. ತಡವಾದರೆ ಅಷ್ಟು ಚರ್ಮ ಸತ್ತುಹೋಗುತ್ತದೆ.

ಬೆಳಕಿಗೆ ಹೋಗಿ ನಿಂತುಕೊಳ್ಳಿ. ತುಟಿಯ ಒಂದು ಭಾಗ ಸುಣ್ಣ ಬಳಿದ ಹಾಗೆ ಬಿಳಿಚಿಕೊಂಡಿದೆಯಾ? ತುಟಿಯ ಮೇಲೆ, ಮೂಗಿನ ಪಕ್ಕ ಅಥವಾ ಗಲ್ಲದ ಮೇಲೆ ನೇರಳೆ ಬಣ್ಣದ ಬಲೆಯಂಥ ಗೆರೆಗಳು ಬಂದಿವೆಯಾ? ನಮ್ಮ ಬಣ್ಣದ ಚರ್ಮದಲ್ಲಿ ಇದು ಅಷ್ಟು ಸುಲಭವಾಗಿ ಕಾಣುವುದಿಲ್ಲ. ಅದಕ್ಕೆ ತುಟಿಯ ಒಳಮಗ್ಗುಲನ್ನೂ ತಿರುಗಿಸಿ ನೋಡಿ. ಆಮೇಲೆ ಬೆರಳಿನಿಂದ ಒತ್ತಿ ಬಿಡಿ. ಬೆಳ್ಳಗಾದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಪಕ್ಕದ ಜಾಗಕ್ಕಿಂತ ತುಂಬಾ ನಿಧಾನವಾಗಿ ಬಂದರೆ ಅದು ಒಳ್ಳೆಯ ಲಕ್ಷಣ ಅಲ್ಲ. ನೋವು ಗಂಟೆಗಂಟೆಗೆ ಏರುತ್ತಾ ಹೋಗುವುದೂ ಅಷ್ಟೆ. ಆದರೆ ನೋವಿಲ್ಲ ಅಂತ ಧೈರ್ಯವಾಗಿ ಕೂರಬೇಡಿ. ಸುಮಾರು ಫಿಲ್ಲರ್‌ಗಳಲ್ಲೇ ಮರಗಟ್ಟಿಸುವ ಲಿಡೊಕೇಯ್ನ್ ಸೇರಿರುತ್ತದೆ, ಮೊದಲ ಕೆಲವು ಗಂಟೆ ಅದು ನೋವನ್ನು ಮುಚ್ಚಿಬಿಡುತ್ತದೆ.

ಹೀಗೆ ಕಂಡರೆ ಐಸ್ ಇಡಬೇಡಿ. ತಂಪು ತಾಗಿದರೆ ರಕ್ತನಾಳ ಇನ್ನೂ ಕುಗ್ಗುತ್ತದೆ. ಇಂಜೆಕ್ಷನ್ ಕೊಟ್ಟ ಡಾಕ್ಟರಿಗೆ ತಕ್ಷಣ ಫೋನ್ ಮಾಡಿ, ಫೋಟೋ ಕಳಿಸಿ. ಇದಕ್ಕೆ ಬೇಕಾದ ಔಷಧಿ ಹಯಲುರಾನಿಡೇಸ್, ಅಂದರೆ ಫಿಲ್ಲರನ್ನು ಕರಗಿಸುವ ಇಂಜೆಕ್ಷನ್. "ನಾನು ಹಾಸನದಲ್ಲಿದ್ದೇನೆ, ಅಲ್ಲಿಗೆ ಬರಲು ನಾಲ್ಕು ಗಂಟೆ ಬೇಕು, ಹತ್ತಿರದಲ್ಲಿ ಯಾರು ಕೊಡುತ್ತಾರೆ?" ಅಂತ ನೇರವಾಗಿ ಕೇಳಿ. ಅವರು ಫೋನ್ ಎತ್ತಲಿಲ್ಲವಾ, ಊರಿನ ಚರ್ಮದ ಡಾಕ್ಟರು ಅಥವಾ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಹೋಗಿ. ರಾತ್ರಿಯಾದರೆ ದೊಡ್ಡಾಸ್ಪತ್ರೆಯ ತುರ್ತು ವಿಭಾಗ. ಹಾಸನದಲ್ಲಿ ಹಿಮ್ಸ್ (ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ) ಇದೆ, ಚಿಕ್ಕಮಗಳೂರಿನಲ್ಲಿ ಮಲ್ಲೇಗೌಡ ಜಿಲ್ಲಾಸ್ಪತ್ರೆ ಇದೆ. "ತುಟಿಗೆ ಹಯಲುರಾನಿಕ್ ಆಸಿಡ್ ಫಿಲ್ಲರ್ ಹಾಕಿಸಿದ್ದೇನೆ, ರಕ್ತ ಓಡಾಟ ನಿಂತಿರಬಹುದು" ಅನ್ನುವ ಒಂದು ವಾಕ್ಯವನ್ನು ಬಾಯಿಪಾಠ ಮಾಡಿಕೊಳ್ಳಿ. ಸುಮ್ನೆ "ತುಟಿ ಊದಿದೆ" ಅಂದರೆ ಅಲರ್ಜಿ ಇಂಜೆಕ್ಷನ್ ಕೊಟ್ಟು ಕಳಿಸಿಬಿಡಬಹುದು. ಹಯಲುರಾನಿಡೇಸ್ ಅಂದರೆ ಎಲ್ಲೂ ಸಿಗದ ಮದ್ದೇನೂ ಅಲ್ಲ. ಕಣ್ಣಿನ ಆಪರೇಷನ್ ಮಾಡುವಾಗ ಮರಗಟ್ಟಿಸುವ ಇಂಜೆಕ್ಷನ್ ಜೊತೆ ಅದನ್ನು ಬೆರೆಸುವುದು ಹಳೆಯ ರೂಢಿ.

ಕಣ್ಣು ಮಂಜಾದರೆ, ಮಾತು ತೊದಲಿದರೆ, ನಾಲಿಗೆ ಊದಿದರೆ, ಉಸಿರು ಕಟ್ಟಿದ ಹಾಗಾದರೆ ಓದುವುದನ್ನು ಬಿಟ್ಟು 108ಕ್ಕೆ ಫೋನ್ ಮಾಡಿ.

ಇದ್ಯಾವುದೂ ಇಲ್ಲವಾ? ಸರಿ, ಈಗ ನಿಧಾನಕ್ಕೆ ಮುಂದೆ ಹೋಗೋಣ.

ಒಂದು ನೋಟ್‌ಬುಕ್ ತೆಗೆದುಕೊಳ್ಳಿ

ಇಂಜೆಕ್ಷನ್ ಆದ ತಾರೀಖು, ಹೊತ್ತು, ಎಷ್ಟು ಎಂ.ಎಲ್., ಯಾವ ಕಂಪನಿಯ ಫಿಲ್ಲರ್. ಸಾಮಾನ್ಯವಾಗಿ ಒಂದು ಸಿರಿಂಜಿನಲ್ಲಿ 1 ಎಂ.ಎಲ್. ಇರುತ್ತದೆ. ಡಬ್ಬಿಯ ಜೊತೆ ಒಂದು ಸ್ಟಿಕ್ಕರ್ ಬರುತ್ತದೆ, ಅದರಲ್ಲಿ ಹೆಸರು, ಲಾಟ್ ನಂಬರ್, ಎಕ್ಸ್‌ಪೈರಿ ಎಲ್ಲಾ ಇರುತ್ತದೆ. ಅದನ್ನು ನಮ್ಮ ಫೈಲಿಗೆ ಅಂಟಿಸಿ ಕೊಡಬೇಕು. ನನಗೆ ಕೊಟ್ಟಿರಲಿಲ್ಲ. ಕೇಳಬೇಕು ಅಂತ ನನಗೂ ಗೊತ್ತಿರಲಿಲ್ಲ. ಮೂರು ಸಲ ಫೋನ್ ಮಾಡಿದ ಮೇಲೆ ಅದರ ಫೋಟೋ ಕಳಿಸಿದರು, ಸ್ಟಿಕ್ಕರ್ ಆಮೇಲೆ ಸಿಕ್ಕಿತು. ನಿಮಗೂ ಕೊಟ್ಟಿಲ್ಲವಾದರೆ ಇವತ್ತೇ ಕೇಳಿ. ರೋಗಿ ಕೇಳಿದರೆ 72 ಗಂಟೆಯೊಳಗೆ ಡಾಕ್ಟರು ದಾಖಲೆ ಕೊಡಬೇಕು ಅಂತ 2002ರ ವೈದ್ಯಕೀಯ ನೀತಿ ನಿಯಮಗಳೇ ಹೇಳುತ್ತವೆ. ಇದು ಯಾಕೆ ಇಷ್ಟು ಮುಖ್ಯ ಅಂತ ಕರಗಿಸುವ ವಿಷಯ ಬಂದಾಗ ಗೊತ್ತಾಗುತ್ತದೆ.

ಆಮೇಲೆ ಫೋಟೋ. ದಿನಕ್ಕೆ ಒಂದು ಸಲ, ಒಂದೇ ಕಿಟಕಿಯ ಬೆಳಕಿನಲ್ಲಿ, ಒಂದೇ ದೂರದಿಂದ. ಬಾಯಿ ಮುಚ್ಚಿ ಒಂದು, ಸ್ವಲ್ಪ ತೆರೆದು ಒಂದು, ನಗುತ್ತಾ ಒಂದು. ಫಿಲ್ಟರ್ ಬೇಡ. ಬೆಳಿಗ್ಗೆ ಎದ್ದ ಕೂಡಲೇ ತೆಗೆದರೆ ಊತ ಜಾಸ್ತಿ ಕಾಣುತ್ತದೆ, ಹಾಗಾಗಿ ಹನ್ನೊಂದರ ಸುಮಾರಿಗೆ ತೆಗೆಯಿರಿ. ಉಳಿದ ಹೊತ್ತು ಕನ್ನಡಿ ಕಡೆ ಹೋಗಬೇಡಿ. ನನ್ನಿಂದಾಗಲಿಲ್ಲ ಅದು, ನೀವಾದರೂ ಪ್ರಯತ್ನ ಮಾಡಿ.

ಮೊದಲ ಮೂರು ದಿನ: ಊತ ತನ್ನ ಪಾಡಿಗೆ ಇಳಿಯಲಿ

ಈ ಮೂರು ದಿನ ತುಟಿ ಹೇಗೆ ಕಂಡರೂ ಅದನ್ನು ನಂಬಬೇಡಿ. ಸೂಜಿ ಹತ್ತಾರು ಕಡೆ ಚುಚ್ಚಿರುತ್ತದೆ, ಅದರಿಂದ ಒಂದು ಊತ. ಹಯಲುರಾನಿಕ್ ಆಸಿಡ್ ನೀರು ಹೀರಿಕೊಳ್ಳುತ್ತದೆ, ಅದರಿಂದ ಇನ್ನೊಂದು. ಕಾಮಕಸ್ತೂರಿ ಬೀಜ ನೀರಿಗೆ ಹಾಕಿದರೆ ಹೇಗೆ ಲೋಳೆಯಾಗಿ ಉಬ್ಬುತ್ತದೆ ನೋಡಿ, ಹೆಚ್ಚೂಕಮ್ಮಿ ಅದೇ ಕಥೆ. ಎರಡನೇ, ಮೂರನೇ ದಿನ ಊತ ತುಂಬಾ ಜಾಸ್ತಿ ಇರುತ್ತದೆ. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗೆ ಕಾಣುವುದೂ ಸಹಜ. ವಾರ ಕಳೆಯುವಷ್ಟರಲ್ಲಿ ಬಹುಪಾಲು ಇಳಿಯುತ್ತದೆ.

ಐಸನ್ನು ತೆಳ್ಳನೆಯ ಶುದ್ಧ ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಇಡಿ, ಒತ್ತಬೇಡಿ. ಅರ್ಧ ಗಂಟೆ ಬಿಟ್ಟು ಮತ್ತೆ. ಬರಿ ಐಸ್ ತುಟಿಗೆ ತಾಗಿಸಿದರೆ ಚರ್ಮ ಸುಟ್ಟ ಹಾಗಾಗುತ್ತದೆ. ಮಲಗುವಾಗ ಎರಡು ದಿಂಬು, ಮುಖ ಮೇಲೆ ಮಾಡಿ. ಬೋರಲು ಮಲಗುವ ಅಭ್ಯಾಸ ಇದ್ದವರಿಗೆ ಇದು ಕಷ್ಟವೇ.

ಊಟದ ವಿಷಯ ನಮ್ಮ ಕಡೆ ಸ್ವಲ್ಪ ಪೇಚು. ಮೊದಲ ದಿನ ಬಾಯಿ ಇನ್ನೂ ಮರಗಟ್ಟಿರುತ್ತದೆ, ಬಿಸಿ ಕಾಫಿ ಕುಡಿದರೆ ಸುಟ್ಟಿದ್ದೂ ಗೊತ್ತಾಗುವುದಿಲ್ಲ. ಕಾಫಿ ಬಿಡಿ ಅಂತ ಹಾಸನ, ಚಿಕ್ಕಮಗಳೂರಿನವರಿಗೆ ನಾನು ಹೇಳಲ್ಲ, ಹೇಳಿದರೂ ನೀವು ಕೇಳಲ್ಲ. ಆರಿಸಿಕೊಂಡು ಕುಡಿಯಿರಿ. ಕಾಯಿಚಟ್ನಿ, ಖಾರದ ಕೋಳಿಸಾರು ಎರಡು ದಿನ ಪಕ್ಕಕ್ಕಿಡಿ. ಒಣ ಅಕ್ಕಿರೊಟ್ಟಿ ಹರಿಯಲು ಬಾಯಿ ಅಗಲ ಮಾಡಬೇಕಾಗುತ್ತದೆ. ಮೊಸರನ್ನ, ಮೆತ್ತಗಿನ ಇಡ್ಲಿ, ಆರಿದ ಗಂಜಿ ಸಾಕು. ಸ್ಟ್ರಾ ಹಾಕಿ ಹೀರಬೇಡಿ. ಮದ್ಯ ಬೇಡ. ಒಂದೆರಡು ದಿನ ಜಿಮ್, ಬಿಸಿಲು, ನೆಗಡಿಗೆ ಅಂತ ನೀಲಗಿರಿ ಎಲೆ ಹಾಕಿ ಆವಿ ತೆಗೆದುಕೊಳ್ಳುವುದು, ಇವೂ ಬೇಡ. ಮೊದಲ 24 ಗಂಟೆ ಲಿಪ್‌ಸ್ಟಿಕ್ ಮುಟ್ಟಬೇಡಿ, ಚುಚ್ಚಿದ ತೂತುಗಳು ಇನ್ನೂ ಮುಚ್ಚಿರುವುದಿಲ್ಲ.

ನೋವಿದ್ದರೆ ಪ್ಯಾರಾಸಿಟಮಾಲ್. ಆಸ್ಪಿರಿನ್, ಐಬುಪ್ರೊಫೆನ್ ಇರುವ ಮಾತ್ರೆಗಳು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತವೆ, ಅದರಿಂದ ಕಲೆ ಜಾಸ್ತಿಯಾಗುತ್ತದೆ. ಹೃದಯಕ್ಕೆ ಅಂತ ಡಾಕ್ಟರೇ ಆಸ್ಪಿರಿನ್ ಬರೆದುಕೊಟ್ಟಿದ್ದರೆ ಮಾತ್ರ ಅದನ್ನು ನೀವಾಗಿಯೇ ನಿಲ್ಲಿಸಬೇಡಿ.

ಇನ್ನು ಮನೆಮದ್ದು. ಜೇನು ಕಚ್ಚಿದೆ ಅಂದೆನಲ್ಲ, ನಮ್ಮಜ್ಜಿ ಸುಮ್ಮನಿರುತ್ತಾರಾ? ಅರಿಶಿನ, ಸುಣ್ಣ ಕಲಸಿಕೊಂಡು ಬಂದರು. ಬೇಡ ಅಂತ ತಪ್ಪಿಸಿಕೊಂಡರೆ ಉಪ್ಪಿನ ಶಾಖ ಕೊಡುತ್ತೇನೆ ಅಂತ ಬಾಣಲಿ ಇಟ್ಟರು. ಸುಣ್ಣ ತುಟಿಯ ತೆಳು ಚರ್ಮವನ್ನು ಸುಡುತ್ತದೆ. ಶಾಖ ಊತ ಹೆಚ್ಚಿಸುತ್ತದೆ. ಚುಚ್ಚಿದ ಜಾಗಕ್ಕೆ ಹೊರಗಿನ ಯಾವ ಪುಡಿಯೂ ಹೋಗಬಾರದು, ಅರಿಶಿನವಾದರೂ ಸರಿ. ಸುಳ್ಳು ಹೇಳಿದರೆ ಆ ಸುಳ್ಳಿಗೆ ಮದ್ದೂ ಬರುತ್ತದೆ, ಏನು ಮಾಡುವುದು.

ನಾಲ್ಕರಿಂದ ಹದಿನಾಲ್ಕನೇ ದಿನ: ಗಂಟಿನ ಗುರುತು ಹಿಡಿಯುವುದು

ಊತ ಇಳಿದಾಗ ಒಳಗಿರುವುದು ಕೈಗೆ ಸಿಗುತ್ತದೆ. ಹೆಚ್ಚಿನವರು ಗಾಬರಿಯಾಗುವುದು ಈ ವಾರದಲ್ಲೇ. ಕೈ ಸೋಪಿನಿಂದ ತೊಳೆದು, ಒಂದೇ ಒಂದು ಸಲ, ಮೆಲ್ಲಗೆ ಮುಟ್ಟಿ ನೋಡಿ.

ಸಾಬಕ್ಕಿ ಬೆಂದ ಹಾಗೆ ಮೆತ್ತಗೆ, ನೋವಿಲ್ಲದೆ, ಒತ್ತಿದರೆ ಸ್ವಲ್ಪ ಜರುಗುವಂತಿದ್ದರೆ ಅದು ಫಿಲ್ಲರೇ ಒಂದು ಕಡೆ ಸೇರಿಕೊಂಡಿರುವುದು. ತುಂಬಾ ಮೇಲೆ ಹಾಕಿದರೆ, ಒಂದೇ ಕಡೆ ಜಾಸ್ತಿ ಹಾಕಿದರೆ ಹೀಗಾಗುತ್ತದೆ. ತುಟಿಯ ಕೆಂಪು ಭಾಗದ ಚರ್ಮ ಎಷ್ಟು ತೆಳು ಅಂದರೆ ಅಲ್ಲಿ ಸ್ವಲ್ಪ ಮೇಲೆ ನಿಂತರೂ ಬಿಳಿ ಮಣಿಯಂತೆ ಕಾಣುತ್ತದೆ, ಕೆಲವು ಸಲ ನೀಲಿ ಛಾಯೆ ಬರುತ್ತದೆ. ಇಂಥವುಗಳಲ್ಲಿ ಸಣ್ಣವು ಎಷ್ಟೋ ತಾವಾಗಿಯೇ ಕೂತುಕೊಳ್ಳುತ್ತವೆ.

ನೇರಳೆ ಬಣ್ಣ ಇದ್ದು, ಮುಟ್ಟಿದರೆ ಸ್ವಲ್ಪ ನೋವಿದ್ದು, ಗಟ್ಟಿಯಾಗಿದ್ದರೆ ಅದು ಒಳಗೆ ಹೆಪ್ಪುಗಟ್ಟಿದ ರಕ್ತ ಇರಬಹುದು. ಏಟು ಬಿದ್ದ ಜಾಗದ ಹಾಗೆ ಅದರ ಬಣ್ಣ ಹಸಿರಾಗಿ, ಹಳದಿಯಾಗಿ ಒಂದೆರಡು ವಾರದಲ್ಲಿ ಹೋಗುತ್ತದೆ. ನನಗೆ ಮೇಲ್ತುಟಿಯಲ್ಲಿ ಇಂಥದ್ದು ಒಂದಿತ್ತು, ಹತ್ತನೇ ದಿನ ಹುಡುಕಿದರೂ ಸಿಗಲಿಲ್ಲ.

ಜುಮ್ಮೆಂದು ಉರಿ ಶುರುವಾಗಿ, ನೀರು ತುಂಬಿದ ಸಣ್ಣ ಗುಳ್ಳೆಗಳು ಗುಂಪಾಗಿ ಎದ್ದರೆ ಅದು ಹರ್ಪಿಸ್, ಜ್ವರ ಬಂದಾಗ ತುಟಿಯಲ್ಲಿ ಏಳುತ್ತದಲ್ಲ, ಅದೇ. ಈ ವೈರಸ್ ಒಂದು ಸಲ ಮೈಗೆ ಬಂದರೆ ನರಗಳಲ್ಲಿ ಅಡಗಿ ಕೂತಿರುತ್ತದೆ, ಸೂಜಿ ಚುಚ್ಚಿದ್ದು ಎಬ್ಬಿಸುತ್ತದೆ. ಇದಕ್ಕೆ ಬೇರೆ ಮಾತ್ರೆ ಇದೆ, ಬೇಗ ಶುರು ಮಾಡಿದಷ್ಟೂ ಒಳ್ಳೆಯದು, ಅದೇ ದಿನ ಡಾಕ್ಟರಿಗೆ ತೋರಿಸಿ. ಮಸಾಜ್ ಮಾಡಿದರೆ ಹರಡುತ್ತದೆ. ಇಲ್ಲಿ ಒಂದು ಮೋಸ ಇದೆ: ರಕ್ತ ಹೋಗದೆ ಚರ್ಮ ಕೆಡುತ್ತಿರುವಾಗಲೂ ಎರಡು ಮೂರು ದಿನಕ್ಕೆ ಇಂಥವೇ ಗುಳ್ಳೆ ಏಳಬಹುದು. ಸುತ್ತ ನೇರಳೆ ಬಲೆ, ಕಪ್ಪು ಬಣ್ಣ, ಹಕ್ಕಳೆ ಇದ್ದರೆ ಹರ್ಪಿಸ್ ಅಂತ ನೀವೇ ತೀರ್ಮಾನ ಮಾಡಿಕೊಳ್ಳಬೇಡಿ.

ಕೆಂಪಗೆ, ಬಿಸಿಯಾಗಿ, ಮಿಡಿಯುತ್ತಾ ನೋಯುತ್ತಿದ್ದರೆ, ಕೀವು ಕಂಡರೆ, ಜ್ವರ ಬಂದರೆ ಸೋಂಕು. ಕಾಯುವ ಮಾತೇ ಇಲ್ಲ.

ಫಿಲ್ಲರಿಗೆ ಸಂಬಂಧವೇ ಇಲ್ಲದವೂ ಇವೆ. ಚಿಕ್ಕಮಗಳೂರಿನಲ್ಲಿರುವ ನನ್ನ ಚಿಕ್ಕಮ್ಮನ ಮಗಳು ನನ್ನ ಕಥೆ ಕೇಳಿ ತನ್ನ ತುಟಿಯನ್ನೂ ಹಿಗ್ಗಿಸಿ ನೋಡಿಕೊಂಡು "ಅಕ್ಕಾ, ನಂಗೂ ರವೆ ತರ ಹಳದಿ ಚುಕ್ಕಿ ಇದಾವೆ" ಅಂತ ಫೋನ್ ಮಾಡಿದಳು. ಅವಳು ಫಿಲ್ಲರ್ ಹಾಕಿಸಿಯೇ ಇಲ್ಲ! ಅವು ಫೋರ್ಡೈಸ್ ಚುಕ್ಕಿಗಳು, ಎಣ್ಣೆ ಗ್ರಂಥಿಗಳು, ತುಂಬಾ ಜನಕ್ಕೆ ಇರುತ್ತವೆ. ಕೆಳತುಟಿಯ ಒಳಗಡೆ ನೀರ್ಗುಳ್ಳೆಯಂತೆ ನುಣ್ಣಗೆ ಉಬ್ಬಿದರೆ ಅದು ಜೊಲ್ಲಿನ ಸಣ್ಣ ಗ್ರಂಥಿ ಕಟ್ಟಿಕೊಂಡದ್ದಿರಬಹುದು. ಮರಗಟ್ಟಿದ ತುಟಿಯನ್ನು ಗೊತ್ತಿಲ್ಲದೆ ಕಚ್ಚಿಕೊಂಡವರಿಗೆ ಬರುತ್ತದೆ. ದಂತವೈದ್ಯರು ನೋಡಿದ ಕೂಡಲೇ ಗುರುತು ಹಿಡಿಯುತ್ತಾರೆ.

ಮಸಾಜ್ ಮಾಡಬೇಕಾ, ಬೇಡ್ವಾ?

ಇದರಲ್ಲಿ ಡಾಕ್ಟರುಗಳಲ್ಲೇ ಎರಡು ಪಂಗಡ. ಕೆಲವರು ಮಾಡಿ ಅನ್ನುತ್ತಾರೆ, ಕೆಲವರು ಎರಡು ವಾರ ಮುಟ್ಟಲೇಬೇಡಿ ಅನ್ನುತ್ತಾರೆ. ನಿಮಗೆ ಹಾಕಿದವರು ಯಾವ ಪಂಗಡ ಅಂತ ಕೇಳಿಕೊಳ್ಳಿ, ಅವರೇ ಎಲ್ಲಿ ಎಷ್ಟು ಹಾಕಿದ್ದಾರೆ ಅಂತ ಬಲ್ಲವರು. ಹೇಳದೆ ಮಾಡಬೇಡಿ. ಮೆತ್ತಗಿನ, ನೋವಿಲ್ಲದ ಗಂಟಿಗೆ ಮಾತ್ರ ಇದು. ಕೆಂಪು, ಬಿಸಿ, ಗುಳ್ಳೆ, ಬಿಳಿಚಿಕೊಂಡದ್ದು ಇದ್ದರೆ ಕೈ ದೂರ.

ಮಾಡಿ ಅಂದರೆ ನನಗೆ ತೋರಿಸಿಕೊಟ್ಟದ್ದು ಹೀಗೆ. ಉಗುರು ಕತ್ತರಿಸಿ, ಕೈ ತೊಳೆದು, ತುಟಿಗೆ ಸ್ವಲ್ಪ ವ್ಯಾಸಲೀನ್ ಹಚ್ಚಿ. ಹೆಬ್ಬೆರಳು ತುಟಿಯ ಒಳಗಡೆ, ತೋರುಬೆರಳು ಹೊರಗಡೆ. ಗಂಟನ್ನು ಮಧ್ಯಕ್ಕೆ ತಂದು ಹತ್ತು ಸೆಕೆಂಡು ಒಂದೇ ಸಮ ಒತ್ತಿ ಹಿಡಿಯಿರಿ. ಬಿಟ್ಟು, ಮತ್ತೆ ಒತ್ತಿ. ನಾಲ್ಕೈದು ಸಲ ಆದರೆ ಮುಗಿಯಿತು, ದಿನಕ್ಕೆ ಎರಡು ಹೊತ್ತು. ಬೇಳೆ ಒಬ್ಬಟ್ಟಿನ ಕಣಕ ಮಾಗಿದೆಯಾ ಅಂತ ಒತ್ತಿ ನೋಡುತ್ತೇವಲ್ಲ, ಅಷ್ಟೇ ಭಾರ. ಹಿಂಡುವುದು, ತಿಕ್ಕುವುದು ಅಂತ ಶುರು ಮಾಡಿದರೆ ಫಿಲ್ಲರ್ ತುಟಿಯ ಅಂಚು ದಾಟಿ ಮೇಲೆ ಮೀಸೆ ಜಾಗಕ್ಕೆ ಜರುಗಬಹುದು. ನೋವಾದರೆ ನಿಲ್ಲಿಸಿ. ನಾಲ್ಕೈದು ದಿನದಲ್ಲಿ ಬದಲಾವಣೆ ಕಾಣದಿದ್ದರೆ ಮುಂದುವರಿಸುವುದರಲ್ಲಿ ಅರ್ಥ ಇಲ್ಲ. ಪಾರ್ಲರಿನವರ ಕೈಗೆ ಕೊಡಬೇಡಿ. ಸೂಜಿ ಹಾಕಿ ಚುಚ್ಚಿ ತೆಗೆಯುವ ಯೋಚನೆ ಬಂದರೆ ಸೂಜಿಯನ್ನೇ ಯಾರಿಗಾದರೂ ಕೊಟ್ಟುಬಿಡಿ.

ಎರಡು ವಾರ ಕಳೆಯಿತು, ಗಂಟು ಅಲ್ಲೇ ಇದೆ

ಈಗ ಡಾಕ್ಟರನ್ನು ನೋಡುವ ಹೊತ್ತು. ನಾನು ಇಲ್ಲೇ ತಪ್ಪಿದ್ದು. ಹದಿನೈದನೇ ದಿನ ಹೋಗಬೇಕಿತ್ತು, ಹೋಗಿದ್ದು ಐದನೇ ವಾರದಲ್ಲಿ. ಮನೆಯಲ್ಲಿ ಏನು ಹೇಳಿ ಹೋಗಲಿ ಅನ್ನುವುದೇ ಚಿಂತೆ. ಜೇನು ಕಚ್ಚಿದ್ದಕ್ಕೆ ಯಾರಾದರೂ ಬೆಂಗಳೂರಿಗೆ ಹೋಗುತ್ತಾರಾ?

ಡಾಕ್ಟರ ಮುಂದೆ ನಾಲ್ಕು ದಾರಿ ಇರುತ್ತದೆ. ಕಣ್ಣಿಗೆ ಕಾಣದೆ ಕೈಗೆ ಮಾತ್ರ ಸಿಗುವ ಗಂಟಾದರೆ ಹಾಗೇ ಬಿಡುವುದು. ತುಟಿಯ ಫಿಲ್ಲರ್ ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದಲ್ಲಿ ಕರಗುತ್ತಾ ಹೋಗುತ್ತದೆ. ಇಲ್ಲ, ಅವರೇ ಒತ್ತಿ ಸರಿ ಮಾಡುತ್ತಾರೆ. ತೀರ ಮೇಲಿದ್ದರೆ ಸಣ್ಣ ಸೂಜಿಯಿಂದ ತೂತು ಮಾಡಿ ಹೊರಗೆ ತೆಗೆಯುತ್ತಾರೆ. ಕೊನೆಯದು ಹಯಲುರಾನಿಡೇಸ್.

ಇದು ಒಂದು ಕಿಣ್ವ. ಹಯಲುರಾನಿಕ್ ಆಸಿಡ್‌ನ ಸರಪಳಿಯನ್ನು ತುಂಡು ತುಂಡು ಮಾಡುತ್ತದೆ, ಆ ತುಂಡುಗಳನ್ನು ಮೈ ಹೀರಿಕೊಂಡುಬಿಡುತ್ತದೆ. ಗಂಟಿರುವ ಜಾಗಕ್ಕೆ ಮಾತ್ರ ಸ್ವಲ್ಪ ಕೊಡುತ್ತಾರೆ. ಕೆಲವು ಗಂಟೆಗಳಲ್ಲೇ ಕೆಲಸ ಶುರು, ಒಂದೆರಡು ದಿನದಲ್ಲಿ ಫಲ ಗೊತ್ತಾಗುತ್ತದೆ. ಸಾಲದಿದ್ದರೆ ಇನ್ನೊಂದು ಸಲ ಕೊಡಬೇಕಾಗಬಹುದು. ಗಂಟಿನ ಪಕ್ಕದ ಒಳ್ಳೆಯ ಫಿಲ್ಲರೂ ಸ್ವಲ್ಪ ಕರಗಬಹುದು, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿ. ಮತ್ತೆ ಹಾಕಿಸಬೇಕು ಅಂದರೆ ಕನಿಷ್ಠ ಎರಡು ವಾರ ಬಿಟ್ಟು.

ಆದರೆ ಇದು ಕರಗಿಸುವುದು ಹಯಲುರಾನಿಕ್ ಆಸಿಡ್ ಒಂದನ್ನೇ. ಸಿಲಿಕೋನ್ ಹಾಕಿದ್ದರೆ, ಶಾಶ್ವತ ಫಿಲ್ಲರ್ ಅಂತ ಪಿ.ಎಂ.ಎಂ.ಎ. (ಒಂದು ಬಗೆಯ ಪ್ಲಾಸ್ಟಿಕ್) ಹಾಕಿದ್ದರೆ ಏನೂ ಆಗುವುದಿಲ್ಲ. ಸ್ಟಿಕ್ಕರ್, ಸ್ಟಿಕ್ಕರ್ ಅಂತ ನಾನು ಬಡಿದುಕೊಂಡದ್ದು ಇದಕ್ಕೇ.

ಇನ್ನೊಂದು ಎಚ್ಚರಿಕೆ ನಮ್ಮ ಮಲೆನಾಡಿನವರಿಗೆ ತೀರ ಹತ್ತಿರದ್ದು. ಜೇನುಹುಳದ ವಿಷದಲ್ಲೂ ಹಯಲುರಾನಿಡೇಸ್ ಇರುತ್ತದೆ. ಜೇನು, ಕಣಜ ಕಚ್ಚಿದಾಗ ಯಾರಿಗಾದರೂ ಮೈಯೆಲ್ಲಾ ದದ್ದು ಎದ್ದು, ಉಸಿರು ಕಟ್ಟಿ ಆಸ್ಪತ್ರೆಗೆ ಓಡಿದ್ದಿದ್ದರೆ ಅವರಿಗೆ ಈ ಇಂಜೆಕ್ಷನ್ ಅಪಾಯ ಆಗಬಹುದು. ಕಾಫಿ ತೋಟದಲ್ಲಿ ಹೆಜ್ಜೇನಿಗೆ ಸಿಕ್ಕಿಕೊಂಡ ಕಥೆ ನಮ್ಮಲ್ಲಿ ಮನೆಗೊಂದು ಇರುತ್ತದೆ. ಅದನ್ನು ಡಾಕ್ಟರಿಗೆ ತಪ್ಪದೆ ಹೇಳಿ. ಸಾಮಾನ್ಯವಾಗಿ ಮೊದಲು ಕೈಗೆ ಒಂದು ಹನಿ ಕೊಟ್ಟು ಪರೀಕ್ಷೆ ಮಾಡುತ್ತಾರೆ. ಬಸುರಿಯರು, ಹಾಲುಣಿಸುವವರು ಅದನ್ನೂ ಹೇಳಬೇಕು.

ನನ್ನ ಡಾಕ್ಟರಮ್ಮ ಹೋಗುವ ಮುಂಚೆ ವಿಡಿಯೋ ಕಾಲ್‌ನಲ್ಲಿ ಕೇಳಿದ್ದೂ ಇದನ್ನೇ. ಸ್ಪೀಕರ್ ಆನ್ ಇತ್ತು. "ನಿಮಗೆ ಯಾವತ್ತಾದರೂ ಜೇನು ಕಚ್ಚಿದೆಯಾ? ಆಗ ಏನಾದರೂ ಅಲರ್ಜಿ?" ನಾನು ಬಾಯಿ ತೆಗೆಯುವ ಮೊದಲೇ ಅಡುಗೆಮನೆಯಿಂದ ಅಮ್ಮ, "ಹೋದ ತಿಂಗಳು ಕಚ್ಚಿತ್ತು ಡಾಕ್ಟ್ರೇ, ತುಟಿಗೇ! ಹೆಂಗೆ ಊದಿತ್ತು ಅಂತೀರಾ!" ಅಂದರು. ಡಾಕ್ಟರಮ್ಮ ಗಾಬರಿಯಾದರು. ಇಂಜೆಕ್ಷನ್ ಸಾಧ್ಯವೇ ಇಲ್ಲ ಅಂದುಬಿಟ್ಟರು. ಸುಳ್ಳನ್ನು ಅಲ್ಲೇ, ಇಬ್ಬರ ಎದುರಿಗೂ ಬಿಚ್ಚಬೇಕಾಯಿತು. ಆಮೇಲೆ ಅರ್ಧ ದಿನ ಅಮ್ಮ ಮಾತಾಡಲಿಲ್ಲ. ಸಂಜೆ ಬಂದು "ಯಾವತ್ತು ಹೋಗೋದು?" ಅಂತ ಕೇಳಿದರು.

ಕರಗಿಸುವ ಕೆಲಸ ಐದು ನಿಮಿಷದ್ದು. ಪರೀಕ್ಷೆಗೆ, ಆಮೇಲೆ ಕೂರಿಸಿ ನೋಡುವುದಕ್ಕೆ ಒಂದು ಗಂಟೆ. ಚುರ್ರ್ ಅಂತ ಉರಿಯಿತು, ಆ ರಾತ್ರಿ ಸ್ವಲ್ಪ ಊದಿತು, ಮೂರನೇ ದಿನ ನಾಲಿಗೆಗೆ ಆ ಹೆಸರುಕಾಳು ಸಿಗಲಿಲ್ಲ. ಈ ಒಂದು ಗಂಟೆಗಾಗಿ ಐದು ವಾರ ಕಾದಿದ್ದೆ.

ತಿಂಗಳುಗಳ ಮೇಲೆ ಎದ್ದ ಗಂಟು

ಮೂರು ತಿಂಗಳು ಚೆನ್ನಾಗಿದ್ದು, ಆಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಗಟ್ಟಿಯಾಗಿ, ಕೆಂಪಗೆ ಏಳುವುದೂ ಉಂಟು. ವೈರಲ್ ಜ್ವರ ಬಂದು ಹೋದ ಮೇಲೆ, ಹಲ್ಲಿನ ಕೆಲಸ ಆದ ಮೇಲೆ, ಕೆಲವರಿಗೆ ಲಸಿಕೆ ಹಾಕಿಸಿಕೊಂಡ ಮೇಲೆ ಹೀಗಾಗುತ್ತದೆ. ಮೈಯ ರೋಗನಿರೋಧಕ ಶಕ್ತಿ ಎಚ್ಚರವಾದಾಗ ಫಿಲ್ಲರನ್ನೂ ಶತ್ರು ಅಂತ ನೋಡುತ್ತದೆ. ಹಾಗಂತ ಲಸಿಕೆ ತಪ್ಪಿಸಬೇಡಿ. ಫಿಲ್ಲರ್ ಸುತ್ತ ಬ್ಯಾಕ್ಟೀರಿಯಾ ತೆಳು ಪೊರೆ ಕಟ್ಟಿಕೊಂಡು ಕೂತಿರುವುದೂ ಒಂದು ಕಾರಣ. ಇದು ಮನೆಯಲ್ಲಿ ಬಗೆಹರಿಯುವ ಗಂಟಲ್ಲ. ಆಂಟಿಬಯಾಟಿಕ್, ಗಂಟಿನೊಳಗೆ ಸ್ಟಿರಾಯ್ಡ್, ಕರಗಿಸುವುದು, ಕೆಲವು ಸಲ ಸಣ್ಣ ತುಣುಕು ತೆಗೆದು ಪರೀಕ್ಷೆ, ಯಾವುದು ಮೊದಲು ಅಂತ ಡಾಕ್ಟರೇ ಹೇಳಬೇಕು.

ನಮ್ಮಲ್ಲಿ ಒಂದು ಕೆಟ್ಟ ಚಾಳಿ ಇದೆ. ಮೆಡಿಕಲ್ ಶಾಪಿಗೆ ಹೋಗಿ "ಚರ್ಮಕ್ಕೆ ಒಂದು ಕ್ರೀಮ್ ಕೊಡಿ" ಅನ್ನುವುದು, ಅವರು ಸ್ಟಿರಾಯ್ಡ್ ಇರುವ ಮುಲಾಮು ಕೊಡುವುದು. ಸೋಂಕಿದ್ದರೆ ಅದು ಒಳಗೇ ಬೆಳೆಯುತ್ತದೆ, ಹರ್ಪಿಸ್ ಇದ್ದರೆ ಇನ್ನೂ ಹರಡುತ್ತದೆ.

ಯಾರ ಹತ್ತಿರ ಹೋಗಬೇಕು

ಮೊದಲು ಹಾಕಿದ ಡಾಕ್ಟರು. ಅವರ ಮೇಲೆ ನಂಬಿಕೆ ಹೋಗಿದ್ದರೆ ಚರ್ಮರೋಗದಲ್ಲಿ ಎಂ.ಡಿ. ಮಾಡಿದವರು ಅಥವಾ ಪ್ಲಾಸ್ಟಿಕ್ ಸರ್ಜನ್. ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್ ನಡೆಸಲು 2007ರ ಕೆ.ಪಿ.ಎಂ.ಇ. (ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಲ್ಲಿ ನೋಂದಣಿ ಬೇಕು, ಅದರ ಸರ್ಟಿಫಿಕೇಟ್ ಗೋಡೆ ಮೇಲಿರಬೇಕು. ಡಾಕ್ಟರಿಗೆ ಮೆಡಿಕಲ್ ಕೌನ್ಸಿಲ್ ನೋಂದಣಿ ಸಂಖ್ಯೆ ಇರಬೇಕು. ಕೇಳುವುದಕ್ಕೆ ಸಂಕೋಚ ಯಾಕೆ? ಬಂಗಾರ ಕೊಳ್ಳುವಾಗ ಹಾಲ್‌ಮಾರ್ಕ್ ಕೇಳುವುದಿಲ್ಲವಾ?

ಪಾರ್ಲರಿನಲ್ಲಿ, ಯಾರದ್ದೋ ಮನೆಯಲ್ಲಿ "ಸೂಜಿ ಇಲ್ಲದೆ ಪೆನ್ನಲ್ಲಿ ಹಾಕ್ತೀವಿ" ಅನ್ನುವವರ ಹತ್ತಿರ ಹಾಕಿಸಿದ್ದರೆ ಮತ್ತೆ ಅಲ್ಲಿಗೇ ಹೋಗಬೇಡಿ. ಆ ಹಯಲುರಾನ್ ಪೆನ್ ವಿರುದ್ಧ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರಲ್ಲೇ ಎಚ್ಚರಿಕೆ ಕೊಟ್ಟಿದೆ. ಅದೇ ಎಫ್‌ಡಿಎ ತುಟಿ ದಪ್ಪ ಮಾಡಲು ಅಂತಲೇ ಮೊದಲ ಫಿಲ್ಲರಿಗೆ ಒಪ್ಪಿಗೆ ಕೊಟ್ಟದ್ದು 2011ರಲ್ಲಿ, ಅದೂ 21 ದಾಟಿದವರಿಗೆ. ಕಾಲೇಜಿಗೆ ಹೋಗುವ ತಂಗಿಯಂದಿರಿಗೆ ಇದನ್ನು ಹೇಳಿ.

ಊರಿನಲ್ಲೇ ತೋರಿಸುವುದಾದರೆ ನೋಟ್‌ಬುಕ್, ಫೋಟೋ, ಸ್ಟಿಕ್ಕರ್ ಮೂರೂ ಇರಲಿ. "ಯಾಕಮ್ಮಾ ಬೇಕಿತ್ತು ಇದೆಲ್ಲಾ?" ಅನ್ನುವ ಮಾತು ಬರಬಹುದು. ಬರಲಿ ಬಿಡಿ. ಆ ಮಾತಿಗೆ ಹೆದರಿ ಕೀವು ತುಂಬಿಸಿಕೊಂಡು ಮನೆಯಲ್ಲಿ ಕೂರುವುದಕ್ಕಿಂತ ಒಂದು ಮಾತು ಕೇಳಿಸಿಕೊಳ್ಳುವುದು ಸುಲಭ.

ಮತ್ತೆ ಹಾಕಿಸುವ ಮನಸ್ಸಿದ್ದರೆ

ಹಲ್ಲು ಕ್ಲೀನ್ ಮಾಡಿಸುವುದು, ರೂಟ್ ಕೆನಾಲ್ ಇತ್ಯಾದಿ ಎರಡು ವಾರ ಮುಂಚೆಯೇ ಮುಗಿಸಿ, ಆದ ಮೇಲೂ ಎರಡು ವಾರ ಬೇಡ. ನೆಗಡಿ, ಜ್ವರ, ಬಾಯಿಹುಣ್ಣು ಇದ್ದರೆ ಮುಂದಕ್ಕೆ ಹಾಕಿ. ಹರ್ಪಿಸ್ ಬಂದಿದ್ದರೆ ಮೊದಲೇ ಹೇಳಿದರೆ ಅದಕ್ಕೆ ಮಾತ್ರೆ ಕೊಡುತ್ತಾರೆ. ಮದುವೆಗೆ ಕನಿಷ್ಠ ಒಂದು ತಿಂಗಳು ಮುಂಚೆ ಹಾಕಿಸಿ, ಹಿಂದಿನ ವಾರ ಖಂಡಿತ ಬೇಡ. ಹಾಕಿಸಿದ ರಾತ್ರಿಯೇ ಬಸ್ಸು ಹತ್ತಬೇಡಿ, ಸಾಧ್ಯವಾದರೆ ಒಂದು ದಿನ ಅಲ್ಲೇ ಉಳಿದುಕೊಳ್ಳಿ. "ನಿಮ್ಮಲ್ಲಿ ಹಯಲುರಾನಿಡೇಸ್ ಇದೆಯಾ? ಭಾನುವಾರ ಫೋನ್ ಯಾರು ಎತ್ತುತ್ತಾರೆ?" ಅಂತ ದುಡ್ಡು ಕಟ್ಟುವ ಮುಂಚೆ ಕೇಳಿ. ನನಗೆ ಶನಿವಾರ ಹಾಕಿದ್ದರು, ಭಾನುವಾರ ಫೋನ್ ಆಫ್ ಇತ್ತು.

ಮನೆಯಲ್ಲಿ ಒಬ್ಬರಿಗಾದರೂ ಹೇಳಿರಿ, ಆ ಸ್ಟಿಕ್ಕರನ್ನು ಜೋಪಾನವಾಗಿಡಿ. ನನ್ನದು ಈಗ ಗಾಡ್ರೇಜ್ ಬೀರುವಿನಲ್ಲಿ, ರೇಷನ್ ಕಾರ್ಡಿನ ಕವರಿನಲ್ಲಿದೆ. ಇಟ್ಟದ್ದು ಅಮ್ಮ.